ಟಿಟಿ ಎಷ್ಟ ಆಗ್ಯಾವ, ಕಾಕಾ?

ಕಬ್ಬಿನ ಹಂಗಾಮು ಶುರುವಾದರೆ ನಮ್ಮ ಡ್ರೆಸ್ಸಿಂಗ್ ರೂಮಿಗೆ ಬಿಡುವಿಲ್ಲ. ಬಾಗಲಕೋಟೆ ಜಿಲ್ಲೆಯ ಒಂದು ತಾಲ್ಲೂಕು ಆಸ್ಪತ್ರೆಯಲ್ಲಿ ನಾನು ಶುಶ್ರೂಷಾಧಿಕಾರಿ, ಊರವರ ಬಾಯಲ್ಲಿ ಸಿಸ್ಟರು. ಮುಧೋಳ, ಜಮಖಂಡಿ ಸುತ್ತಿನ ಕಾರ್ಖಾನೆಗಳ ಚಿಮಣಿ ಹೊಗೆ ಬಿಟ್ಟ ವಾರದಿಂದಲೇ ಜನ ಬರತೊಡಗುತ್ತಾರೆ. ಮೊಣಕಾಲ ಕೆಳಗೆ ಕೊಯ್ತಾ ತಾಗಿದವರು, ಟ್ರೇಲಿಯ ಕೊಂಡಿಗೆ ಬೆರಳು ಸಿಕ್ಕಿಸಿಕೊಂಡವರು, ರವದಿಯ ಕೆಳಗೆ ಕಾಣದಿದ್ದ ಕೂಳೆ ಅಂಗಾಲಿಗೆ ಹೊಕ್ಕವರು. ಎಲ್ಲರೂ ಒಳಗೆ ಕಾಲಿಡುತ್ತಲೇ ಹೇಳುವ ಮಾತು ಒಂದೇ: “ಒಂದ ಟಿಟಿ ಮಾಡಿಬಿಡ್ರಿ ಸಿಸ್ಟರ್.”

ಧನುರ್ವಾಯು ತಡೆಯುವ ಲಸಿಕೆಯಾದ ಆ ಒಂದು ಟಿಟಿಯ ಬಗ್ಗೆಯೇ ಬರೆಯಬೇಕು ಅನಿಸಿದ್ದು ಸಂಕ್ರಮಣದ ಮರುದಿನ ಬಂದ ಒಬ್ಬ ಹಿರಿಯರಿಂದ. ವಯಸ್ಸು ಅರವತ್ತು ದಾಟಿದೆ. ತಿಪ್ಪೆಗುಂಡಿಯಿಂದ ಗೊಬ್ಬರ ಹೇರುವಾಗ ಹಳೆಯ ಹಲಗೆಯ ಮೊಳೆ ಹವಾಯಿ ಚಪ್ಪಲಿಯನ್ನು ದಾಟಿ ಅಂಗಾಲಿಗೆ ಇಳಿದಿದೆ. ಅದಾಗಿ ಮೂರು ದಿನ. ಮನೆಯಲ್ಲಿ ಅರಿಷಿಣ ಒತ್ತಿ, ಮೇಲೆ ಕುಳ್ಳಿನ ಬೂದಿ ಹಚ್ಚಿ ಬಟ್ಟೆ ಕಟ್ಟಿದ್ದರು. ಹೊರಗಿನಿಂದ ನೋಡಿದರೆ ಜೋಳದ ಕಾಳಿನಷ್ಟು ತೂತು, ಅಷ್ಟೇ.

“ಟಿಟಿ ಆಗೇತೇನ್ರಿ ಕಾಕಾ?”

“ಹ್ವಾದ ವರ್ಷ ಒಂದ ಸೂಜಿ ಮಾಡ್ಯಾರಲ್ಲ ಯವ್ವಾ, ಮತ್ತ್ಯಾಕ?”

“ತೋಳಿಗೋ, ಟೊಂಕಕ್ಕೋ?”

“ಟೊಂಕಕ್ಕ.”

ಟೊಂಕಕ್ಕೆ ಚುಚ್ಚಿದ್ದು ಬಹುಮಟ್ಟಿಗೆ ನೋವಿನ ಇಂಜೆಕ್ಷನ್ ಇರುತ್ತದೆ. ದೊಡ್ಡವರಿಗೆ ಟಿಟಿ ಕೊಡುವುದು ಭುಜದ ಕೆಳಗಿನ ದಪ್ಪ ಸ್ನಾಯುವಿಗೆ. ನಮ್ಮ ಕಡೆ ನೋವಿನದು, ಜ್ವರದ್ದು, ಶಕ್ತಿಯದು, ಎಲ್ಲವೂ ‘ಸೂಜಿ’ಯೇ. ಹಾಗಾಗಿ ಈ ಒಂದು ಪ್ರಶ್ನೆ ಕೇಳುವುದನ್ನು ನಾನು ರೂಢಿಸಿಕೊಂಡಿದ್ದೇನೆ. ಮುಂದಿನ ಪ್ರಶ್ನೆ ಇನ್ನೂ ಮುಖ್ಯ: “ಹುಟ್ಟಿದಾಗಿಂದ ಇಲ್ಲೀತನಕ ಎಷ್ಟ ಟಿಟಿ ಆಗ್ಯಾವ, ಕಾಕಾ?” ಅವರು ನನ್ನ ಮುಖ ನೋಡಿದರು. ಆ ಪ್ರಶ್ನೆಯನ್ನು ಅವರಿಗೆ ಅದುವರೆಗೆ ಯಾರೂ ಕೇಳಿರಲಿಲ್ಲ.

ಗಾಯವಾದಾಗ ‘ಟಿಟಿ ಮಾಡಿಸಿ ಎಷ್ಟು ದಿನವಾಯಿತು’ ಎಂಬ ಲೆಕ್ಕವನ್ನು ಎಲ್ಲರೂ ಹಾಕುತ್ತಾರೆ. ಅದಕ್ಕೂ ಮೊದಲು ಹಾಕಬೇಕಾದ ಲೆಕ್ಕ ‘ಒಟ್ಟು ಎಷ್ಟು ಆಗಿವೆ’ ಎಂಬುದು. ಈ ಎರಡು ಲೆಕ್ಕಗಳ ನಡುವಿನ ವ್ಯತ್ಯಾಸ ತಿಳಿಯದೆ ಹೋದರೆ, ಬೇಡದವರು ಆರು ತಿಂಗಳಿಗೊಮ್ಮೆ ಚುಚ್ಚಿಸಿಕೊಳ್ಳುತ್ತಾರೆ, ನಿಜವಾಗಿ ಬೇಕಾದವರು ಒಂದೇ ಸೂಜಿಗೆ ನಿಶ್ಚಿಂತರಾಗಿ ಮನೆಗೆ ಹೋಗುತ್ತಾರೆ.

ಮೊದಲು ರೋಗದ ವಿಷಯ. ಧನುರ್ವಾಯು ತರುವ ಬ್ಯಾಕ್ಟೀರಿಯಾದ ಹೆಸರು ಕ್ಲಾಸ್ಟ್ರಿಡಿಯಂ ಟೆಟನಿ. ಅದರ ಮನೆ ಮಣ್ಣು, ದನ-ಕುದುರೆಗಳ ಕರುಳು, ಸೆಗಣಿ ಮತ್ತು ಲದ್ದಿ. ವಿಜಯಪುರದ ಟಾಂಗಾ ನಿಲ್ಲುವ ಜಾಗದ ಧೂಳಿನಲ್ಲೂ ಅದು ಇರಬಹುದು, ನಮ್ಮ ಹಿತ್ತಿಲ ತಿಪ್ಪೆಯಲ್ಲೂ ಇರಬಹುದು. ಅನುಕೂಲವಿಲ್ಲದಾಗ ಅದು ಗಟ್ಟಿ ಕವಚ ತೊಟ್ಟು ಬೀಜಾಣುವಾಗಿ ಮಲಗಿಬಿಡುತ್ತದೆ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ತುದಿ ಉಬ್ಬಿದ ನಗಾರಿಯ ಕೋಲಿನ ಹಾಗೆ ಕಾಣುತ್ತದೆ. ಈ ಬೀಜಾಣುಗಳು ಬಿಸಿಲಿಗೆ, ಬರಕ್ಕೆ ಜಗ್ಗದೆ ವರ್ಷಗಟ್ಟಲೆ ಮಣ್ಣಲ್ಲಿ ಉಳಿಯುತ್ತವೆ, ಕುದಿಯುವ ನೀರಿಗೆ ಹಾಕಿದರೂ ಸಾಯುತ್ತವೆಂಬ ಭರವಸೆಯಿಲ್ಲ. ಅದಕ್ಕೇ ನಮ್ಮ ಉಪಕರಣಗಳನ್ನು ಕುದಿಸಿ ಬಿಡುವುದಿಲ್ಲ, ಆಟೋಕ್ಲೇವಿನಲ್ಲಿ 121 ಡಿಗ್ರಿ ಸೆಲ್ಸಿಯಸ್ ಹಬೆಯ ಒತ್ತಡದಲ್ಲಿ ಕನಿಷ್ಠ 15 ನಿಮಿಷ ಇಡುತ್ತೇವೆ.

ಈ ಬ್ಯಾಕ್ಟೀರಿಯಾಕ್ಕೆ ಗಾಳಿ ಆಗದು. ಅಗಲವಾಗಿ ತೆರೆದು ರಕ್ತ ಸುರಿಯುವ ಗಾಯಕ್ಕಿಂತ, ಆಳಕ್ಕೆ ಇಳಿದು ಬಾಯಿ ಮುಚ್ಚಿಕೊಂಡ ಚುಚ್ಚುಗಾಯ ಅದಕ್ಕೆ ಪ್ರೀತಿ. ಜಾಲಿಮುಳ್ಳು, ಮೊಳೆ, ಕೂಳೆ. ಕಬ್ಬಿಣದ ತುಕ್ಕಿನಿಂದ ಧನುರ್ವಾಯು ಬರುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ತುಕ್ಕಿನ ತಪ್ಪೇನೂ ಇಲ್ಲ. ತುಕ್ಕು ಹಿಡಿದ ಮೊಳೆ ಬಹಳ ದಿನ ಮಣ್ಣಲ್ಲಿ ಬಿದ್ದಿರುತ್ತದೆ, ಮಣ್ಣನ್ನು ಆಳಕ್ಕೆ ಒಯ್ಯುತ್ತದೆ, ಅಪಾಯ ಇರುವುದು ಅಲ್ಲಿ. ಥಳಥಳ ಹೊಳೆಯುವ ಹೊಸ ಮೊಳೆ ತಿಪ್ಪೆಯಲ್ಲಿ ಬಿದ್ದಿದ್ದರೆ ಅದೂ ಅಷ್ಟೇ ಅಪಾಯ. ಹಾಗೆಯೇ ಕುಳ್ಳಿನ ಬೂದಿ. ವಿಭೂತಿಯನ್ನು ಹಣೆಗೆ ಹಚ್ಚಿಕೊಳ್ಳುವ ಮನೆಯಲ್ಲೇ ಬೆಳೆದವಳು ನಾನು. ಹಣೆಯ ಚರ್ಮ ಗಟ್ಟಿ ಗೋಡೆ, ತೆರೆದ ಗಾಯ ಬಾಗಿಲಿಲ್ಲದ ಮನೆ. ಅದರೊಳಗೆ ಬೂದಿ, ಸುಣ್ಣ, ಕಾಫಿಪುಡಿ, ತಂಬಾಕು ಯಾವುದನ್ನೂ ತುಂಬಬೇಡಿ ಎಂದು ಕೈಮುಗಿದು ಹೇಳುತ್ತೇನೆ.

ಗಾಯದೊಳಗೆ ಬೀಜಾಣು ಎಚ್ಚರಗೊಂಡರೆ ಬ್ಯಾಕ್ಟೀರಿಯಾ ಒಂದು ವಿಷ ತಯಾರಿಸುತ್ತದೆ. ಆ ವಿಷ ನರಗಳ ಗುಂಟ ಹಿಮ್ಮುಖವಾಗಿ ಏರಿ ಬೆನ್ನುಹುರಿ ಸೇರುತ್ತದೆ. ನಾವು ಕೈ ಮಡಚಿದಾಗ ಒಂದು ಸ್ನಾಯು ಬಿಗಿಯುತ್ತದೆ, ಎದುರಿನದು ಸಡಿಲವಾಗುತ್ತದೆ. ‘ಸಡಿಲಾಗು’ ಎಂಬ ಸಂದೇಶ ಒಯ್ಯುವವು ಗ್ಲೈಸಿನ್, ಗಾಬಾ ಎಂಬ ರಾಸಾಯನಿಕಗಳು. ವಿಷ ಅವೆರಡನ್ನೂ ಹೊರಬಿಡದಂತೆ ತಡೆಯುತ್ತದೆ. ಆಮೇಲೆ ಎಲ್ಲ ಸ್ನಾಯುಗಳೂ ಒಟ್ಟಿಗೆ ಬಿಗಿಯುತ್ತವೆ. ಬೆನ್ನಿನ ಸ್ನಾಯುಗಳ ಬಲ ಹೆಚ್ಚು, ಹಾಗಾಗಿ ದೇಹ ಹಿಂದಕ್ಕೆ ಬಿಲ್ಲಿನಂತೆ ಬಾಗುತ್ತದೆ. ಧನುರ್ವಾಯು ಎಂಬ ಹೆಸರು ಇಟ್ಟವರು ಇದನ್ನು ಕಣ್ಣಾರೆ ಕಂಡೇ ಇಟ್ಟಿರಬೇಕು.

ತರಬೇತಿಯ ದಿನಗಳಲ್ಲಿ ನಾನು ಒಬ್ಬ ರೋಗಿಯನ್ನು ನೋಡಿದ್ದೆ. ಬಾಯಿ ತೆರೆಯಲು ಆಗುತ್ತಿಲ್ಲವೆಂದು ಹಲ್ಲುನೋವು ಅಂದುಕೊಂಡು ಮೊದಲು ಹಲ್ಲಿನ ಡಾಕ್ಟರ ಹತ್ತಿರ ಹೋಗಿದ್ದರಂತೆ. ಹಾಗೆ ಹೋಗುವವರು ಇನ್ನೂ ಇದ್ದಾರೆ. ವೈದ್ಯರು ಮರದ ಪಟ್ಟಿಯಿಂದ ಗಂಟಲ ಹಿಂಭಾಗ ಮುಟ್ಟಿದರು. ಮುಟ್ಟಿದರೆ ಯಾರಿಗಾದರೂ ಓಕರಿಕೆ ಬಂದು ಪಟ್ಟಿಯನ್ನು ಹೊರದಬ್ಬಬೇಕು, ಅವರ ದವಡೆ ಪಟ್ಟನೆ ಮುಚ್ಚಿ ಪಟ್ಟಿಯನ್ನು ಕಚ್ಚಿ ಹಿಡಿಯಿತು. ಅವರನ್ನು ಇಟ್ಟಿದ್ದ ಕೋಣೆಯ ಕಿಟಕಿಗೆ ಕರಿ ಕಂಬಳಿ ಕಟ್ಟಿದ್ದರು. ಬೆಳಕು, ಸಪ್ಪಳ, ಯಾರಾದರೂ ಮುಟ್ಟುವುದು, ಯಾವುದಾದರೂ ಸಾಕು ಸೆಳೆತ ಬರಲು. ಒಮ್ಮೆ ನನ್ನ ಕೈಯಿಂದ ಸ್ಟೀಲ್ ಟ್ರೇ ಜಾರಿ ಬಿತ್ತು. ಆ ಸದ್ದಿಗೆ ಅವರ ಇಡೀ ಮೈ ಮಂಚದಿಂದ ಮೇಲೆದ್ದದ್ದು ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಪ್ರಜ್ಞೆ ಮಾತ್ರ ಪೂರ್ತಿ ಇತ್ತು. ಈ ರೋಗದಲ್ಲಿ ಮನುಷ್ಯನಿಗೆ ಎಲ್ಲ ಗೊತ್ತಾಗುತ್ತಿರುತ್ತದೆ.

ಗಾಯವಾಗಿ ಸಾಮಾನ್ಯವಾಗಿ 3 ರಿಂದ 21 ದಿನಗಳೊಳಗೆ ರೋಗ ಕಾಣಿಸಿಕೊಳ್ಳುತ್ತದೆ, ಹೆಚ್ಚಿನವರಲ್ಲಿ ಒಂದು ವಾರದ ಆಸುಪಾಸು. ನರದೊಳಗೆ ಹೊಕ್ಕ ವಿಷವನ್ನು ಹೊರಗೆಳೆಯುವ ಔಷಧಿ ಇಲ್ಲ. ವಾರಗಟ್ಟಲೆ ಐಸಿಯು, ವೆಂಟಿಲೇಟರ್, ಅದರ ಖರ್ಚು, ಅದಾದ ಮೇಲೂ ಬದುಕಿನ ಖಾತ್ರಿಯಿಲ್ಲ. ಇನ್ನೊಂದು ಮಾತು ಬಹಳ ಜನರಿಗೆ ಗೊತ್ತಿಲ್ಲ: ಧನುರ್ವಾಯು ಬಂದು ಬದುಕಿ ಉಳಿದವರಿಗೂ ಅದು ಮತ್ತೆ ಬರಬಹುದು. ಸಿಡುಬು, ದಡಾರ ಒಮ್ಮೆ ಬಂದರೆ ಜೀವಮಾನದ ರಕ್ಷಣೆ ಸಿಗುತ್ತಿತ್ತು. ಇಲ್ಲಿ ಹಾಗಿಲ್ಲ. ದೇಹದ ತೂಕದ ಒಂದು ಕಿಲೋಗೆ ಸುಮಾರು 2.5 ನ್ಯಾನೋಗ್ರಾಂ ವಿಷ ಸಾಕು ಪ್ರಾಣ ತೆಗೆಯಲು ಎಂದು ಅಂದಾಜು. ಅರವತ್ತು ಕಿಲೋದ ಮನುಷ್ಯನಿಗೆ ಲೆಕ್ಕ ಹಾಕಿದರೆ ಒಂದು ಸಾಸಿವೆ ಕಾಳಿನ ತೂಕಕ್ಕಿಂತ ಸಾವಿರಾರು ಪಟ್ಟು ಕಡಿಮೆ. ಅಷ್ಟು ಅಲ್ಪ ವಿಷವನ್ನು ದೇಹದ ರಕ್ಷಣಾ ವ್ಯವಸ್ಥೆ ಗುರುತು ಹಿಡಿಯುವುದೇ ಇಲ್ಲ. ಇದು ಮಣ್ಣಿನಿಂದ ಬರುವ ರೋಗ, ಮನುಷ್ಯರಿಂದ ಮನುಷ್ಯರಿಗೆ ದಾಟುವುದಿಲ್ಲ. ಹಾಗಾಗಿ ಊರಿಗೆಲ್ಲ ಲಸಿಕೆ ಆಗಿದೆ, ನನಗೊಬ್ಬನಿಗೆ ಆಗದಿದ್ದರೂ ನಡೆಯುತ್ತದೆ ಎನ್ನುವಂತಿಲ್ಲ. ತನ್ನ ಟಿಟಿ ತನಗೆ ಮಾತ್ರ.

ಈ ವಿಷಕ್ಕೆ ಫಾರ್ಮಾಲಿನ್ ಸೇರಿಸಿ ಕೇಡು ಮಾಡುವ ಗುಣವನ್ನು ತೆಗೆದರೂ ಅದರ ರೂಪ ಹಾಗೇ ಉಳಿಯುತ್ತದೆ. 1920ರ ದಶಕದಲ್ಲಿ ಫ್ರಾನ್ಸಿನ ಗಾಸ್ಟನ್ ರಾಮೋನ್ ಮತ್ತು ಸಂಗಡಿಗರು ಕಂಡುಕೊಂಡ ದಾರಿ ಇದು. ಹೀಗೆ ಹಲ್ಲು ಕಿತ್ತ ವಿಷವೇ ಟಾಕ್ಸಾಯ್ಡ್. ಟಿಟಿ ಎಂದರೆ ಟೆಟನಸ್ ಟಾಕ್ಸಾಯ್ಡ್. ಅದು ಎಷ್ಟು ಕೆಲಸ ಮಾಡುತ್ತದೆ ಎಂಬುದಕ್ಕೆ ಎರಡನೇ ಮಹಾಯುದ್ಧದ ಅಮೆರಿಕದ ಸೇನೆಯ ಲೆಕ್ಕ ನೋಡಬೇಕು. ಸೈನಿಕರಿಗೆಲ್ಲ ಮೊದಲೇ ಲಸಿಕೆ ಹಾಕಿದ್ದರು. ಗಾಯಗೊಂಡು ಆಸ್ಪತ್ರೆ ಸೇರಿದ ಪ್ರಕರಣಗಳು 27 ಲಕ್ಷಕ್ಕೂ ಹೆಚ್ಚು, ಧನುರ್ವಾಯು ಬಂದದ್ದು 12 ಮಂದಿಗೆ.

ಈಗ ‘ಒಟ್ಟು ಎಷ್ಟು’ ಎಂಬ ಲೆಕ್ಕಕ್ಕೆ ಬರೋಣ.

ಜೀವನದಲ್ಲಿ ಮೊದಲ ಸಲ ಟಿಟಿ ತೆಗೆದುಕೊಂಡವರ ದೇಹ ಆ ಟಾಕ್ಸಾಯ್ಡನ್ನು ಗುರುತಿಸಿ, ವಿಷವನ್ನು ತಡೆಯುವ ಪ್ರತಿಕಾಯ ತಯಾರಿಸಲು ವಾರಗಳೇ ಬೇಕು. ತಯಾರಾದರೂ ರಕ್ಷಣೆಗೆ ಸಾಕಾಗುವಷ್ಟು ಆಗುವುದಿಲ್ಲ. ನಾಲ್ಕು ವಾರದ ನಂತರ ಎರಡನೆಯದು ಬಿದ್ದಾಗ ಪ್ರಮಾಣ ಮೇಲೇರುತ್ತದೆ, ಅದಾಗಿ ಆರು ತಿಂಗಳಿಗೆ ಮೂರನೆಯದು ಬಿದ್ದಾಗ ನೆನಪು ಗಟ್ಟಿಯಾಗುತ್ತದೆ. ಈ ನೆನಪಿರುವ ದೇಹಕ್ಕೆ ಹತ್ತು ವರ್ಷ ಬಿಟ್ಟು ಒಂದು ಬೂಸ್ಟರ್ ಕೊಟ್ಟರೂ ಕೆಲವೇ ದಿನಗಳಲ್ಲಿ ಪ್ರತಿಕಾಯ ಉಕ್ಕಿ ಬರುತ್ತದೆ. ಹಳ್ಳಿಯವರಿಗೆ ನಾನು ಹೀಗೆ ಹೇಳುತ್ತೇನೆ: ಉತ್ತು ಬಿತ್ತಿದ ಹೊಲಕ್ಕೆ ಒಂದು ಹದ ಮಳೆ ಬಿದ್ದರೆ ಬೆಳೆ ಎದ್ದು ನಿಲ್ಲುತ್ತದೆ, ಪಡಾ ಬಿದ್ದ ಹೊಲಕ್ಕೆ ಅದೇ ಮಳೆ ಬಿದ್ದರೂ ಈ ವಾರ ಉಣ್ಣಲು ಏನೂ ಸಿಗುವುದಿಲ್ಲ. ಬೂಸ್ಟರ್ ಎಂಬುದು ಮಳೆ. ಮೊದಲ ಮೂರು ಡೋಸ್ ಉಳುಮೆ ಮತ್ತು ಬಿತ್ತನೆ.

ಸಂಕಟ ಇಲ್ಲೇ ಇದೆ. ದೇಶದ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮ ಶುರುವಾಗಿದ್ದು 1985ರಲ್ಲಿ, ಎಲ್ಲ ಜಿಲ್ಲೆಗಳಿಗೆ ಹಬ್ಬಲು ಮತ್ತೆ ಕೆಲವು ವರ್ಷ ಹಿಡಿಯಿತು. ಈಗಿನ ಮಕ್ಕಳಿಗೆ ಒಂದೂವರೆ, ಎರಡೂವರೆ, ಮೂರೂವರೆ ತಿಂಗಳಿಗೆ ಪೆಂಟಾವೇಲೆಂಟ್, ಒಂದೂವರೆ ವರ್ಷದ ಸುತ್ತ ಮತ್ತು ಐದಾರು ವರ್ಷಕ್ಕೆ ಡಿಪಿಟಿ ಬೂಸ್ಟರ್, 10 ಮತ್ತು 16ನೇ ವಯಸ್ಸಿಗೆ ಟಿಟಿಯ ಈಗಿನ ರೂಪವಾದ ಟಿಡಿ ಸಿಗುತ್ತದೆ. ಇವೆಲ್ಲದರಲ್ಲೂ ಧನುರ್ವಾಯುವಿನ ಟಾಕ್ಸಾಯ್ಡ್ ಇರುತ್ತದೆ, ಎಲ್ಲ ಆದರೆ ಏಳು ಡೋಸ್. ಹೆಣ್ಣುಮಕ್ಕಳಿಗೆ ಬಸಿರಿನಲ್ಲೂ ಸಿಗುತ್ತದೆ. ಆಶಾ ಕಾರ್ಯಕರ್ತೆಯರು, ಎಎನ್‌ಎಂ ಅಕ್ಕಂದಿರು ಮನೆ ಮನೆ ತಿರುಗಿ ಮಾಡಿದ ಈ ಕೆಲಸದ ಫಲವಾಗಿಯೇ ಬಾಣಂತಿ ಮತ್ತು ನವಜಾತ ಶಿಶುಗಳ ಧನುರ್ವಾಯು ನಿರ್ಮೂಲನೆಯಾಗಿದೆ ಎಂಬ ಮಾನ್ಯತೆ 2015ರಲ್ಲಿ ಭಾರತಕ್ಕೆ ಸಿಕ್ಕಿತು. ಇದರಲ್ಲಿ ಬಿಟ್ಟುಹೋದವರು ಯಾರು? ಐವತ್ತು, ಅರವತ್ತು ದಾಟಿದ ಗಂಡಸರು. ಮಗುವಾಗಿದ್ದಾಗ ಕಾರ್ಯಕ್ರಮವೇ ಇರಲಿಲ್ಲ, ಬಸಿರು ಬಾಣಂತನದ ದಾರಿ ಅವರಿಗಿಲ್ಲ. ಮನೆಯಲ್ಲೇ ಹೆತ್ತ ಅಜ್ಜಿಯಂದಿರೂ ಈ ಸಾಲಿಗೆ ಸೇರುತ್ತಾರೆ. ತಿಪ್ಪೆಗೆ, ಹೊಲಕ್ಕೆ, ದನದ ಕೊಟ್ಟಿಗೆಗೆ ಬರಿಗಾಲಲ್ಲಿ ಹೋಗುವವರೂ ಹೆಚ್ಚಾಗಿ ಇವರೇ. ಆರೋಗ್ಯವಂತರಾದ ಇವರು ಲಸಿಕೆಗೆಂದು ಆಸ್ಪತ್ರೆಗೆ ಬರುವವರಲ್ಲ. ಬರುವುದು ಗಾಯವಾದಾಗ ಮಾತ್ರ. ಹಾಗಾಗಿ ದೊಡ್ಡವರ ಲಸಿಕೆಗೆ ನಮ್ಮ ಕಡೆ ಇರುವ ಬಾಗಿಲು ಡ್ರೆಸ್ಸಿಂಗ್ ರೂಮಿನದೊಂದೇ ಎಂದು ನಾನು ತಿಳಿದಿದ್ದೇನೆ.

ಬಾಗಿಲೊಳಗೆ ಬಂದವರಿಗೆ ಏನು ಕೊಡಬೇಕು ಎಂಬುದನ್ನು ವೈದ್ಯರು ಎರಡು ಸಂಗತಿ ನೋಡಿ ನಿರ್ಧರಿಸುತ್ತಾರೆ. ಗಾಯ ಎಂಥದು, ಹಿಂದೆ ಮೂರು ಡೋಸ್ ಪೂರ್ತಿಯಾಗಿವೆಯೋ ಇಲ್ಲವೋ.

ಬೆಳಗಾವಿಯ ಒಬ್ಬ ಶಾಲಾ ಶಿಕ್ಷಕಿ ಎಂದುಕೊಳ್ಳಿ. ಅಡುಗೆಮನೆಯಲ್ಲಿ ಈಳಿಗೆ ಬೆರಳಿಗೆ ತಾಗಿದೆ. ಗಾಯ ಚಿಕ್ಕದು, ಸ್ವಚ್ಛ. ಚಿಕ್ಕಂದಿನ ಲಸಿಕೆ ಎಲ್ಲ ಆಗಿವೆ, ಎಂಟು ವರ್ಷದ ಹಿಂದೆ ಬಸಿರಿನಲ್ಲೂ ಆಗಿದೆ. ಇವರಿಗೆ ಇವತ್ತು ಯಾವ ಸೂಜಿಯೂ ಬೇಡ. ಸ್ವಚ್ಛ ಸಣ್ಣ ಗಾಯಕ್ಕೆ, ಮೂರು ಡೋಸ್ ಆದವರಿಗೆ, ಕೊನೆಯ ಡೋಸ್ ಆಗಿ ಹತ್ತು ವರ್ಷ ಕಳೆದಿದ್ದರೆ ಮಾತ್ರ ಬೂಸ್ಟರ್.

ಅಥಣಿ ಕಡೆಯ ಇಪ್ಪತ್ತೆರಡರ ಹುಡುಗ. ಕಬ್ಬು ಕಡಿಯುವಾಗ ಕೊಯ್ತಾ ಮೀನಖಂಡಕ್ಕೆ ಬಿದ್ದು ಮಣ್ಣು ಮೆತ್ತಿದೆ. ಹೈಸ್ಕೂಲಿನಲ್ಲಿ ಹದಿನಾರರ ವಯಸ್ಸಿಗೆ ಕೊನೆಯ ಟಿಡಿ ಆಗಿತ್ತು, ಅಂದರೆ ಆರು ವರ್ಷ. ಗಾಯ ಹೊಲಸಾಗಿದ್ದರೆ ಹತ್ತರ ಬದಲು ಐದು ವರ್ಷದ ಗಡಿ. ಇವನಿಗೆ ಒಂದು ಬೂಸ್ಟರ್ ಬೇಕು, ಒಂದೇ ಸಾಕು. ಮಣ್ಣು, ಸೆಗಣಿ, ಜೊಲ್ಲು ತಾಗಿದ ಗಾಯ, ಚುಚ್ಚುಗಾಯ, ಜಜ್ಜಿದ ಗಾಯ, ಸುಟ್ಟಗಾಯ ಎಲ್ಲವೂ ಈ ಐದು ವರ್ಷದ ಲೆಕ್ಕಕ್ಕೆ ಬರುತ್ತವೆ. ನಾಯಿ ಕಚ್ಚಿದ್ದೂ ಇದರಲ್ಲಿ ಸೇರಿತು. ಅಲ್ಲಿ ಇನ್ನೊಂದು ದೊಡ್ಡ ಕೆಲಸ ಇದೆ: ಸೋಪು ಹಚ್ಚಿ ಹರಿಯುವ ನೀರಲ್ಲಿ 15 ನಿಮಿಷ ತೊಳೆದು, ಅಂದೇ ರೇಬೀಸ್ ಲಸಿಕೆ ಶುರು ಮಾಡಬೇಕು. ಟಿಟಿ ಮಾಡಿಸಿದ್ದರಿಂದ ರೇಬೀಸ್ ತಡೆಯಲಾಗದು. ಇದನ್ನು ತಪ್ಪು ತಿಳಿದು ಜೀವ ಕಳೆದುಕೊಳ್ಳಬಾರದು.

ಮೂರನೆಯವರು ನಮ್ಮ ಕಾಕಾ. ಚುಚ್ಚುಗಾಯ, ತಿಪ್ಪೆಯ ಹೊಲಸು, ಮೂರು ದಿನ ಹಳತು, ಲಸಿಕೆಯ ಲೆಕ್ಕ ಇಲ್ಲ. ಲೆಕ್ಕ ಗೊತ್ತಿಲ್ಲ ಎಂದರೆ ಆಗಿಲ್ಲ ಎಂದೇ ಹಿಡಿಯಬೇಕು. ಇವರಿಗೆ ಇಂದು ಟಿಟಿ ಕೊಟ್ಟರೆ ಈ ಗಾಯಕ್ಕೆ ಅದರಿಂದ ರಕ್ಷಣೆ ಸಿಗದು, ಅವರ ಹೊಲ ಪಡಾ ಬಿದ್ದದ್ದು. ಅದಕ್ಕೆ ಬೇರೊಂದು ಇಂಜೆಕ್ಷನ್ ಬೇಕು, ಟೆಟನಸ್ ಇಮ್ಯುನೊಗ್ಲಾಬ್ಯುಲಿನ್. ಲಸಿಕೆ ಪಡೆದ ಬೇರೆ ಮನುಷ್ಯರ ರಕ್ತದಿಂದ ಬೇರ್ಪಡಿಸಿದ ಸಿದ್ಧ ಪ್ರತಿಕಾಯ ಅದು. ಮನೆಯಲ್ಲಿ ಜೋಳ ಬೆಳೆಯುವ ತನಕ ಕೈಗಡ ತಂದ ಚೀಲವಿದ್ದಂತೆ. ಕೊಟ್ಟ ಕೂಡಲೇ ಕೆಲಸ ಶುರು, ಸುಮಾರು ಮೂರು ನಾಲ್ಕು ವಾರಕ್ಕೆ ಅರ್ಧದಷ್ಟು ಕರಗಿ ಹೋಗುತ್ತದೆ. ದೇಹ ಅದರಿಂದ ಏನೂ ಕಲಿಯುವುದಿಲ್ಲ. ಆದ್ದರಿಂದ ಒಂದು ತೋಳಿಗೆ ಇದು, ಇನ್ನೊಂದು ತೋಳಿಗೆ ಬೇರೆ ಸಿರಿಂಜಿನಲ್ಲಿ ಲಸಿಕೆ, ಎರಡನ್ನೂ ಅದೇ ದಿನ ಕೊಡಬೇಕು. ಸಾಮಾನ್ಯವಾಗಿ 250 ಯೂನಿಟ್, ಗಾಯ ತೀರಾ ಕೆಟ್ಟಿದ್ದರೆ ವೈದ್ಯರು ಹೆಚ್ಚಿಸುವುದುಂಟು. ಎಚ್‌ಐವಿ ಇರುವವರಿಗೆ, ರೋಗನಿರೋಧಕ ಶಕ್ತಿ ತೀರಾ ಕುಂದಿದವರಿಗೆ ಹೊಲಸು ಗಾಯವಾದರೆ, ಹಿಂದೆ ಎಷ್ಟೇ ಡೋಸ್ ಆಗಿದ್ದರೂ ಇದನ್ನು ಕೊಡಬೇಕಾಗುತ್ತದೆ.

ಒಂದು ಕಾಲದಲ್ಲಿ ಈ ಕೆಲಸಕ್ಕೆ ಕುದುರೆಯ ಸೀರಂ ಬಳಸುತ್ತಿದ್ದರು. 1890ರಲ್ಲಿ ಎಮಿಲ್ ಫಾನ್ ಬೇರಿಂಗ್ ಮತ್ತು ಜಪಾನಿನ ಕಿತಾಸಾಟೊ ಶಿಬಾಸಾಬುರೊ ತೋರಿಸಿಕೊಟ್ಟ ವಿದ್ಯೆ ಅದು. ಅದಕ್ಕೂ ಒಂದು ವರ್ಷ ಮೊದಲು ಈ ಬ್ಯಾಕ್ಟೀರಿಯಾವನ್ನು ಮೊದಲ ಬಾರಿ ಬೇರ್ಪಡಿಸಿ ಬೆಳೆಸಿದವರೂ ಕಿತಾಸಾಟೊ ಅವರೇ. ಕುದುರೆ ಸೀರಂ ಲಕ್ಷಾಂತರ ಜನರನ್ನು ಕಾಪಾಡಿತು, ಕೆಲವರಿಗೆ ಅಲರ್ಜಿಯಿಂದ ಪ್ರಾಣಾಪಾಯವನ್ನೂ ತಂದಿತು. ಮನುಷ್ಯರ ಪ್ರತಿಕಾಯದಲ್ಲಿ ಆ ಭಯ ಬಹಳ ಕಡಿಮೆ. ಆದರೆ ಬೆಲೆ ಹೆಚ್ಚು, ಎಲ್ಲ ಆಸ್ಪತ್ರೆಗಳ ಫ್ರಿಜ್ಜಿನಲ್ಲೂ ಇರುವುದಿಲ್ಲ. ಆ ದಿನ ನಮ್ಮಲ್ಲೂ ಇರಲಿಲ್ಲ. ಕಾಕಾರ ಮಗ ಬೈಕಿನಲ್ಲಿ ಬಾಗಲಕೋಟೆಗೆ ಹೋಗಿ, ಚಹಾದ ಥರ್ಮಾಸಿನಲ್ಲಿ ಐಸ್ ತುಂಡು ಹಾಕಿಸಿಕೊಂಡು, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ಆ ಪುಟ್ಟ ಸೀಸೆ ತಂದ. ಅವನು ಬರುವ ಹೊತ್ತಿಗೆ ಸಂಜೆ ದೀಪ ಹಚ್ಚಿಯಾಗಿತ್ತು.

ಅಷ್ಟರಲ್ಲಿ ಡಾಕ್ಟರು ಅಂಗಾಲು ಮರಗಟ್ಟಿಸಿ ತೂತನ್ನು ಅಗಲ ಮಾಡಿದರು. ಎಲ್ಲ ಇಂಜೆಕ್ಷನ್‌ಗಳಿಗಿಂತ ಮೊದಲ ಚಿಕಿತ್ಸೆ ಇದು. ನೀರು ಬಿಟ್ಟು ಬಿಟ್ಟು ತೊಳೆದಾಗ ಮೊದಲು ಅರಿಷಿಣದ ನೀರು, ಆಮೇಲೆ ಬೂದಿಯ ಕರಿ ನೀರು ಬಂತು. ಕೊನೆಗೆ ಚಿಮಟಕ್ಕೆ ಸಿಕ್ಕಿದ್ದು ನೀಲಿ ಬಣ್ಣದ ರಬ್ಬರ್ ತುಣುಕು, ಮೊಳೆ ತನ್ನ ಜೊತೆ ಒಳಗೆ ತಳ್ಳಿಕೊಂಡು ಹೋಗಿದ್ದ ಹವಾಯಿ ಚಪ್ಪಲಿಯ ಚೂರು. ಸತ್ತ ಮಾಂಸ ತೆಗೆದರು. ಹೊಲಿಗೆ ಹಾಕಲಿಲ್ಲ. “ಹೊಲದಬಿಡ್ರಿ ಸಾಹೇಬ್ರ, ಲಗೂ ಮಾಯ್ತೈತಿ” ಎಂದು ಕಾಕಾ ಹೇಳುತ್ತಲೇ ಇದ್ದರು. ಇಂಥ ಗಾಯಕ್ಕೆ ಹೊಲಿಗೆ ಹಾಕಿದರೆ ಗಾಳಿಯಿಲ್ಲದ ಕೋಣೆಯನ್ನು ನಾವೇ ಕಟ್ಟಿಕೊಟ್ಟಂತಾಗುತ್ತದೆ.

ಲಸಿಕೆಯ ಹೆಸರು ಈಗ ಟಿಡಿ ಎಂದು ಬದಲಾಗಿದೆ. 2019ರ ಹೊತ್ತಿಗೆ ಸರ್ಕಾರಿ ಕಾರ್ಯಕ್ರಮದಲ್ಲಿ ಬರೀ ಟಿಟಿಯ ಜಾಗಕ್ಕೆ ಟಿಡಿ ಬಂತು. ಧನುರ್ವಾಯುವಿನ ಜೊತೆ ಗಂಟಲುಮಾರಿಗೂ (ಡಿಫ್ತೀರಿಯಾ) ರಕ್ಷಣೆ. ಇಂಗ್ಲಿಷಿನಲ್ಲಿ ಬರೆಯುವಾಗ ಡಿ ಚಿಕ್ಕಕ್ಷರ, ದೊಡ್ಡವರಿಗೆಂದು ಅದರ ಪ್ರಮಾಣ ಕಡಿಮೆ ಮಾಡಿದ್ದಾರೆ ಎಂಬುದರ ಗುರುತು. ಉತ್ತರ ಕರ್ನಾಟಕದಲ್ಲಿ ಗಂಟಲುಮಾರಿ ಈಚಿನ ವರ್ಷಗಳಲ್ಲೂ ಮಕ್ಕಳನ್ನು ಕಾಡಿದೆ, ದೊಡ್ಡವರ ರಕ್ಷಣೆಯೂ ಕಾಲ ಕಳೆದಂತೆ ಇಳಿಯುತ್ತದೆ. ಹಾಗಾಗಿ ಒಂದೇ ಚುಚ್ಚಿನಲ್ಲಿ ಎರಡೂ ಸಿಗುವುದು ಒಳ್ಳೆಯದೇ. ನಾಯಿಕೆಮ್ಮನ್ನೂ ಸೇರಿಸಿದ ಇನ್ನೊಂದು ಲಸಿಕೆ ಖಾಸಗಿಯಲ್ಲಿ ಸಿಗುತ್ತದೆ. ಜನ ಮಾತ್ರ ಎಲ್ಲಕ್ಕೂ ಟಿಟಿ ಎನ್ನುತ್ತಾರೆ, ನಾನೂ ಎನ್ನುತ್ತೇನೆ.

ಬೆಳಗಾವಿಯ ಟಿಳಕವಾಡಿಯಲ್ಲಿ ವ್ಯಾಕ್ಸಿನ್ ಡಿಪೋ ಎಂಬ ಮರಗಳ ತಂಪಿನ ಜಾಗವಿದೆ. ಬೆಳಗಿನ ವಾಕಿಂಗಿಗೆ ಹೋಗುವವರಿಗೆಲ್ಲ ಗೊತ್ತು. ಬ್ರಿಟಿಷರ ಕಾಲದಲ್ಲಿ ಸಿಡುಬಿನ ಲಸಿಕೆ ತಯಾರಾಗುತ್ತಿದ್ದ ಸ್ಥಳ ಅದು. 2021ರ ಜನವರಿಯಲ್ಲಿ ಕೋವಿಡ್ ಲಸಿಕೆಯ ಪೆಟ್ಟಿಗೆಗಳು ಬಂದು ಇಳಿದದ್ದೂ ಅಲ್ಲೇ. ಲಸಿಕೆ ನಮ್ಮ ಭಾಗಕ್ಕೆ ಹೊಸದಲ್ಲ ಎಂದು ಹೇಳಲು ನೆನಪಾಯಿತು. ಅಂಥ ಸಂಗ್ರಹಾಗಾರದಿಂದ ನಮ್ಮ ಫ್ರಿಜ್ಜಿನ ತನಕ ಟಿಡಿ ಸೀಸೆ 2 ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲೇ ಇರಬೇಕು. ಬಿಸಿಗಿಂತ ಹೆಪ್ಪುಗಟ್ಟುವುದು ಇದಕ್ಕೆ ಹೆಚ್ಚು ಕೇಡು, ಒಮ್ಮೆ ಹೆಪ್ಪುಗಟ್ಟಿದರೆ ಎಸೆಯಬೇಕು. ಹಾಗಾಗಿ ಮನೆಯ ಫ್ರಿಜ್ಜಿನ ಐಸ್ ಪೆಟ್ಟಿಗೆಯಲ್ಲಿ ಇಟ್ಟು ತಂದವರಿಗೆ ನಾನು ಕೊಡುವುದಿಲ್ಲ. ಸರ್ಕಾರಿ ಸೀಸೆಯ ಮೇಲೆ ಒಂದು ನೇರಳೆ ವೃತ್ತ, ಅದರೊಳಗೆ ಒಂದು ಬಿಳಿಚಿದ ಚೌಕ ಇರುತ್ತದೆ. ಸೆಕೆ ತಾಗಿದಂತೆಲ್ಲ ಚೌಕ ಗಾಢವಾಗುತ್ತ ಹೋಗಿ ವೃತ್ತದ ಬಣ್ಣಕ್ಕೆ ಸಮವಾದರೆ ಆ ಲಸಿಕೆ ಮುಗಿಯಿತು. ನಿಮಗೆ ಕೊಡುವ ಮುಂಚೆ ಸಿಸ್ಟರು ಸೀಸೆಯನ್ನು ಬೆಳಕಿಗೆ ಹಿಡಿದು ನೋಡಿ, ಅಲುಗಾಡಿಸಿ ಮಜ್ಜಿಗೆಯಂತೆ ಮಸುಕಾಗಿಸಿ, ಅರ್ಧ ಎಂ.ಎಲ್. ಎಳೆಯುತ್ತಾರೆ. ಒಮ್ಮೆ ಕೇಳಿ, ಚೌಕ ತೋರಿಸುತ್ತಾರೆ.

ಇನ್ನು ಆರು ತಿಂಗಳ ರೂಢಿ. “ಟಿಟಿ ಆರ ತಿಂಗಳ ನಡೀತೈತಿ” ಎಂಬ ಮಾತು ರಬಕವಿ-ಬನಹಟ್ಟಿಯ ಮಗ್ಗದ ಕೆಲಸಗಾರರಿಂದ ಇಳಕಲ್ಲಿನ ಕಲ್ಲುಗಣಿಯವರ ತನಕ ಎಲ್ಲರ ಬಾಯಲ್ಲೂ ಇದೆ. ಪವರ್‌ಲೂಮಿನ ಒಬ್ಬ ತಮ್ಮ ವರ್ಷಕ್ಕೆ ಎರಡು ಸಲ ತಪ್ಪದೆ ಬರುತ್ತಿದ್ದ. ಕೊನೆಯ ಸಲ ಬೇರೆಡೆ ಮಾಡಿಸಿಕೊಂಡು ಬಂದಾಗ ಭುಜದಿಂದ ಮೊಣಕೈ ತನಕ ತೋಳು ಊದಿ ಕೆಂಪಾಗಿತ್ತು. ರಕ್ತದಲ್ಲಿ ಮೊದಲೇ ತುಂಬಿರುವ ಪ್ರತಿಕಾಯ ಹೊಸ ಟಾಕ್ಸಾಯ್ಡಿನ ಮೇಲೆ ಮುಗಿಬಿದ್ದಾಗ ಹೀಗಾಗುತ್ತದೆ, ಕೆಲವೇ ತಾಸುಗಳಲ್ಲಿ. ಜೀವಕ್ಕೆ ಅಪಾಯವಿಲ್ಲ, ಒಂದು ವಾರದ ದುಡಿಮೆ ಹೋಯಿತು. ಮೂರು ಡೋಸ್ ಪೂರ್ತಿಯಾದವರಿಗೆ ಕೊನೆಯ ಡೋಸ್ ಆಗಿ ಐದು ವರ್ಷದೊಳಗೆ ಎಂಥ ಗಾಯವಾದರೂ ಮತ್ತೆ ಬೇಡ. ನಮ್ಮಲ್ಲಿ ಕೆಲವರು ಕೇಳಿದ ಕೂಡಲೇ ಕೊಟ್ಟುಬಿಡುತ್ತೇವೆ, ಇಲ್ಲ ಅಂದರೆ ಜಗಳ ಎಂದು. ಅದು ನಮ್ಮ ತಪ್ಪು. ಎರಡು ನಿಮಿಷ ಕೂರಿಸಿ ಲೆಕ್ಕ ಕೇಳಿದರೆ ಜನ ಒಪ್ಪುತ್ತಾರೆ.

ತಡವಾಗಿ ಬಂದವರು ಇನ್ನೊಂದು ಮಾತು ಹೇಳುತ್ತಾರೆ: “24 ತಾಸು ಮುಗದ್ವಲ್ಲ, ಇನ್ನ ಏನ್ ಉಪಯೋಗ?” ಹಾಗೇನಿಲ್ಲ. ಬೇಗ ಆದಷ್ಟು ಒಳ್ಳೆಯದು ನಿಜ, ಆದರೆ ವಾರ ಕಳೆದಿದ್ದರೂ ಬನ್ನಿ, ಗಾಯ ಮಾಯ್ದಿದ್ದರೂ ಬನ್ನಿ. ಸಕ್ಕರೆ ಕಾಯಿಲೆಯವರಿಗೆ ಅಂಗಾಲಿನ ಅರಿವೇ ಕಡಿಮೆ, ಮುಳ್ಳು ಹೊಕ್ಕದ್ದು ಗೊತ್ತಾಗುವ ಹೊತ್ತಿಗೆ ಹುಣ್ಣಾಗಿರುತ್ತದೆ. ಅವರು ದಿನಾ ರಾತ್ರಿ ಅಂಗಾಲನ್ನು ಯಾರಿಂದಲಾದರೂ ನೋಡಿಸಿಕೊಳ್ಳಬೇಕು. ಟಿಟಿ ಆದ ಮೇಲೆ ಬದನೆಕಾಯಿ ತಿನ್ನಬಾರದು, ನಂಜಾಗುತ್ತದೆ ಎನ್ನುವುದಕ್ಕೂ ಆಧಾರವಿಲ್ಲ. ಎಣಗಾಯಿ ರೊಟ್ಟಿ ಧಾರಾಳವಾಗಿ ಉಣ್ಣಿ. ತೋಳು ಎರಡು ಮೂರು ದಿನ ನೋಯಬಹುದು, ಸಣ್ಣ ಜ್ವರ ಬರಬಹುದು. ಹಿಂದೆ ಇದೇ ಲಸಿಕೆಗೆ ಉಸಿರುಗಟ್ಟುವಂಥ ಅಲರ್ಜಿಯಾಗಿದ್ದರೆ ಮಾತ್ರ ಮೊದಲೇ ಹೇಳಬೇಕು. ಬಸುರಿಯರು ಹೆದರಬೇಕಿಲ್ಲ, ಅವರಿಗೆ ಹೇಗೂ ಕೊಡುವ ಲಸಿಕೆಯೇ ಇದು.

ಆ ಸಂಜೆ ಕಾಕಾರ ಎರಡೂ ತೋಳಿಗೆ ಚುಚ್ಚಿ ಮುಗಿಸಿದಾಗ ಅವರು ಎದ್ದು ನಿಂತರು, ಮುಗಿಯಿತು ಎಂದುಕೊಂಡು. “ಇದು ಮೊದಲನೇದು ಕಾಕಾ, ಇನ್ನೂ ಎರಡ ಅದಾವ” ಎಂದೆ. ಓಪಿಡಿ ಚೀಟಿಯ ಹಿಂದೆ ಮೂರು ತಾರೀಖು ಬರೆದೆ. ತಾರೀಖು ಅವರಿಗೆ ನೆನಪಿರುವುದಿಲ್ಲವೆಂದು ಮಗ ಹೇಳಿದ. ಹಾಗಾಗಿ ಪಕ್ಕದಲ್ಲಿ ಹಬ್ಬಗಳನ್ನು ಬರೆದೆ: ಸಂಕ್ರಮಣದ್ದು ಆಯಿತು, ಎರಡನೆಯದು ಶಿವರಾತ್ರಿಯ ಸುತ್ತ, ಮೂರನೆಯದು ಶ್ರಾವಣ. ಅದಾದ ಮೇಲೆ ಒಂದೊಂದು ವರ್ಷದ ಅಂತರದಲ್ಲಿ ಮತ್ತೆರಡು ಆದರೆ ಬಹುಕಾಲ ನಿಶ್ಚಿಂತೆ. ಚೀಟಿಯನ್ನು ಅವರ ಹೆಂಡತಿ ರೇಷನ್ ಕಾರ್ಡಿನ ಪ್ಲಾಸ್ಟಿಕ್ ಕವರಿನಲ್ಲಿ ಸೇರಿಸಿಟ್ಟುಕೊಂಡರು.

ಶ್ರಾವಣದ ಎರಡನೇ ಸೋಮವಾರ ಅವರು ಬಂದರು. ಅಂಗಾಲಿನ ಗುರುತು ಕಾಣದಷ್ಟು ಮಾಯ್ದಿತ್ತು. ಚೀಟಿ ತೆಗೆದು ಮೇಜಿನ ಮೇಲೆ ಇಟ್ಟು ತಾವೇ ಹೇಳಿದರು: “ಎರಡ ಆಗ್ಯಾವ ಯವ್ವಾ, ಇದು ಮೂರನೇದು. ಇಕೀಗೂ ಲೆಕ್ಕ ಇಲ್ಲಂತ, ಶುರು ಮಾಡ.” ಹಿಂದೆ ನಿಂತಿದ್ದ ಅಜ್ಜಿ ಆಗಲೇ ಕುಪ್ಪಸದ ತೋಳು ಮೇಲಕ್ಕೆ ಸರಿಸಿಕೊಳ್ಳುತ್ತಿದ್ದರು.